ಸೋರದ ಕಿವಿಯ ಕಡೆಗೂ ಒಮ್ಮೆ ನೋಡಿ

ಕಿವಿ ಸೋರುವ ಮಗುವನ್ನು ನಮ್ಮಲ್ಲಿ ಯಾರೂ ಕಡೆಗಣಿಸುವುದಿಲ್ಲ. ದಿಂಬಿನ ಮೇಲೆ ಕಲೆ ಕಂಡ ದಿನವೇ ಅಜ್ಜಿ ಒಂದು ಮದ್ದು ಹೇಳುತ್ತಾರೆ, ಎದುರುಮನೆಯವರು ಇನ್ನೊಂದು, ಮೆಡಿಕಲ್ ಶಾಪಿನ ಹುಡುಗ ಮೂರನೆಯದು. ಸೋರದ ಕಿವಿಗೆ ಆ ಭಾಗ್ಯವಿಲ್ಲ. ಅದರಲ್ಲಿ ನೋವಿರುವುದಿಲ್ಲ, ಜ್ವರವಿರುವುದಿಲ್ಲ, ವಾಸನೆಯೂ ಇಲ್ಲ. ಕಿವಿತಮಟೆಯ ಹಿಂದೆ ತಿಂಗಳುಗಟ್ಟಲೆ ನೀರು ನಿಂತಿದ್ದರೂ ಮನೆಯವರಿಗೆ ಅದು ಗೊತ್ತಾಗುವುದು ಬೇರೆ ಯಾವುದೋ ದೂರಿನ ಮೂಲಕ. ಟೀಚರ್ ಡೈರಿಯಲ್ಲಿ ‘ಪಾಠದ ಕಡೆ ಗಮನವಿಲ್ಲ’ ಎಂದು ಬರೆದು ಕಳಿಸುತ್ತಾರೆ. ಟಿವಿಯ ಸದ್ದು ಏರಿಸಿದ್ದಕ್ಕೆ ಅಣ್ಣ ಜಗಳ ತೆಗೆಯುತ್ತಾನೆ. ಕರೆದರೆ ತಿರುಗಿ ನೋಡುವುದಿಲ್ಲ ಎಂದು ಅಪ್ಪನಿಗೆ ಸಿಟ್ಟು.

ಇಂಥ ಮಗುವನ್ನು ಕಿವಿ ಡಾಕ್ಟರ ಬಳಿ ತೋರಿಸಿ, ‘ಗ್ಲೂ ಇಯರ್ ಇದೆ, ಗ್ರೊಮೆಟ್ ಹಾಕಬೇಕಾಗಬಹುದು’ ಎಂಬ ಮಾತು ಕೇಳಿಸಿಕೊಂಡು, ಗಾಬರಿಯಲ್ಲಿ ಮನೆಗೆ ಬಂದ ತಂದೆತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಿವಿ-ಮೂಗು-ಗಂಟಲಿನ ಓಪಿಡಿಯಲ್ಲಿ ಕೂತೇ ತಲೆ ನರೆಸಿಕೊಂಡವನ ಮಾತು ಇದು. ಗ್ರೊಮೆಟ್ ಎಂಬ ಆ ಪುಟ್ಟ ಟ್ಯೂಬಿಗೆ ಹೆದರಬೇಡಿ, ಅದಕ್ಕಾಗಿ ಅವಸರವನ್ನೂ ಪಡಬೇಡಿ. ಗೋಡೆಯ ಕ್ಯಾಲೆಂಡರು ಮತ್ತು ಶ್ರವಣ ಪರೀಕ್ಷೆಯ ಹಾಳೆ, ಇವೆರಡನ್ನು ಎದುರಿಗಿಟ್ಟುಕೊಂಡು ತೀರ್ಮಾನ ಮಾಡಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕದ್ದೆಲ್ಲ ಅದರ ವಿವರ.

ಮೊದಲು ಆ ನೀರು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಎಷ್ಟೋ ತಾಯಂದಿರು ‘ತಲೆಗೆ ಸ್ನಾನ ಮಾಡಿಸುವಾಗ ನೀರು ಹೊಕ್ಕಿತೇನೋ’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಸ್ನಾನದ ನೀರಿಗೂ ಇದಕ್ಕೂ ಸಂಬಂಧವಿಲ್ಲ. ತೂತಿಲ್ಲದ ತಮಟೆಯನ್ನು ದಾಟಿ ಹೊರಗಿನ ನೀರು ಒಳಹೋಗಲಾರದು. ತಮಟೆಯ ಹಿಂದಿರುವ ಸಣ್ಣ ಜಾಗ, ಅಂದರೆ ಮಧ್ಯಕಿವಿ, ಗಾಳಿಯಿಂದ ತುಂಬಿರಬೇಕು. ಆ ಗಾಳಿ ಬರುವುದು ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯೂಸ್ಟೇಶಿಯನ್ ನಾಳದ ದಾರಿಯಲ್ಲಿ. ಉಗುಳು ನುಂಗಿದಾಗ, ಆಕಳಿಸಿದಾಗ ಅದು ಒಂದು ಕ್ಷಣ ತೆರೆದು ಮುಚ್ಚಿಕೊಳ್ಳುತ್ತದೆ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಿವಿ ‘ಟಪ್’ ಎಂದು ಬಿಡಿಸಿಕೊಳ್ಳುವುದು ಇದೇ ನಾಳದ ಕೆಲಸ. ದೊಡ್ಡವರಲ್ಲಿ ಅದು ಸುಮಾರು 35 ಮಿಲಿಮೀಟರ್ ಉದ್ದವಿದ್ದು 45 ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಅದರ ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ, ಗೋಡೆಯೂ ಮೆತ್ತಗೆ. ಸಾಲದ್ದಕ್ಕೆ ಅದರ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಎಂಬ ಅಂಗಾಂಶದ ಮುದ್ದೆ ಕೂತಿದೆ. ಒಂದು ನೆಗಡಿ ಬಂದು ಎಲ್ಲ ಊದಿಕೊಂಡರೆ ನಾಳ ಮುಚ್ಚಿತು. ಒಳಗಿದ್ದ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ, ಒತ್ತಡ ಕುಸಿದು ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಪೊರೆಯಿಂದ ದ್ರವ ಒಸರತೊಡಗುತ್ತದೆ. ಮೊದಮೊದಲು ತೆಳ್ಳಗಿದ್ದದ್ದು ದಿನ ಕಳೆದಂತೆ ಅಂಟಾಗುತ್ತದೆ, ಅದಕ್ಕೇ ‘ಗ್ಲೂ ಇಯರ್’ ಎಂಬ ಹೆಸರು. ಏಳು ವರ್ಷದ ಹೊತ್ತಿಗೆ ನಾಳ ಬಲಿತು, ಅಡಿನಾಯ್ಡ್ ಕುಗ್ಗತೊಡಗಿ, ಹೆಚ್ಚಿನ ಮಕ್ಕಳು ಇದರಿಂದ ತಾವಾಗಿಯೇ ಪಾರಾಗುತ್ತಾರೆ. ಶಾಲೆಗೆ ಸೇರುವ ಮುನ್ನ ಹತ್ತರಲ್ಲಿ ಒಂಬತ್ತು ಮಕ್ಕಳ ಕಿವಿಯಲ್ಲಿ ಒಮ್ಮೆಯಾದರೂ ಹೀಗೆ ನೀರು ನಿಂತಿರುತ್ತದೆ ಎಂಬುದು ಅಮೆರಿಕದ ಇಎನ್‌ಟಿ ತಜ್ಞರ ಮಾರ್ಗಸೂಚಿ ಕೊಡುವ ಲೆಕ್ಕ. ಅಂದಮೇಲೆ ನಿಮ್ಮ ಮಗುವಿಗೆ ಬಂದದ್ದು ಅಪರೂಪದ ಕಾಯಿಲೆಯೇನಲ್ಲ.

ಹಾಗಾದರೆ ತೊಂದರೆ ಏನು? ಕೇಳಿಸುವುದು ಮಂಕಾಗುತ್ತದೆ. ಪೂರ್ತಿ ಕಿವುಡಲ್ಲ, ಸರಾಸರಿ 25ರಿಂದ 30 ಡೆಸಿಬಲ್ ಸುತ್ತಮುತ್ತ ಕುಸಿಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಪಿಸುಮಾತಿನ ಸದ್ದು 30 ಡೆಸಿಬಲ್ ಆಸುಪಾಸು, ಎದುರು ಕೂತು ಆಡುವ ಮಾತು 50ರಿಂದ 60. ಹಾಗಾಗಿ ಹತ್ತಿರದಿಂದ ಆಡಿದ ಮಾತು ಕೇಳಿಸುತ್ತದೆ, ಅಡುಗೆಮನೆಯಿಂದ ಕೂಗಿದ್ದು ಸರಿಯಾಗಿ ಕೇಳಿಸುವುದಿಲ್ಲ. ಫ್ಯಾನು ತಿರುಗುವ, ನಲವತ್ತು ಮಕ್ಕಳು ಗದ್ದಲ ಮಾಡುವ ತರಗತಿಯ ಹಿಂದಿನ ಬೆಂಚಿನಲ್ಲಂತೂ ಅರ್ಧಂಬರ್ಧ. ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಬೇಕು ಬೇಡಗಳನ್ನೆಲ್ಲ ನಾವು ಮಾತಿನ ಕೊನೆಗೆ ಇಡುತ್ತೇವೆ. ‘ಮುಟ್ಟು’ ಎನ್ನುವುದಕ್ಕೂ ‘ಮುಟ್ಟಬೇಡ’ ಎನ್ನುವುದಕ್ಕೂ ವ್ಯತ್ಯಾಸ ಇರುವುದು ಬಾಲದಲ್ಲಿ, ಅಲ್ಲಿಗೆ ಬರುವಷ್ಟರಲ್ಲಿ ಹೇಳುವವರ ದನಿ ಇಳಿದಿರುತ್ತದೆ. ಬಾಲ ತಪ್ಪಿಸಿಕೊಂಡ ಮಗು ಮುಟ್ಟುತ್ತದೆ, ಬೈಸಿಕೊಳ್ಳುತ್ತದೆ. ‘ಡಾಕ್ಟ್ರೇ, ಇವನಿಗೆ ಕೇಳಿಸ್ತದೆ, ಕೇಳಿಸದ ಹಾಗೆ ನಟಿಸ್ತಾನೆ. ಚಾಕಲೇಟ್ ಅಂದ್ರೆ ಪಕ್ಕದ ರೂಮಿಂದ ಓಡಿ ಬರ್ತಾನೆ’ ಎಂದು ದೂರುವ ಅಪ್ಪಂದಿರನ್ನು ನಾನು ಬಹಳ ಕಂಡಿದ್ದೇನೆ. ಚಾಕಲೇಟ್ ಎಂಬ ಮಾತನ್ನು ಮಗು ಅರ್ಧ ಕೇಳಿಸಿಕೊಂಡರೂ ಮಿಕ್ಕರ್ಧ ಆಸೆಯೇ ತುಂಬಿಕೊಡುತ್ತದೆ. ಇನ್ನು ಈ ಮಂಕು ದಿನದಿನಕ್ಕೆ ಬದಲಾಗುತ್ತದೆ. ನೆಗಡಿಯಿದ್ದ ವಾರ ಹೆಚ್ಚು, ಬಿಸಿಲು ಬಂದ ವಾರ ಕಡಿಮೆ. ಅದಕ್ಕೇ ‘ನಟಿಸುತ್ತಾನೆ’ ಎಂಬ ಅನುಮಾನ ಗಟ್ಟಿಯಾಗುವುದು.

ಹೀಗಾಗಿ ನನ್ನ ಮೊದಲ ವಿನಂತಿ: ಬೈಯುವ ಮೊದಲು ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡಿಸಿ. ಎರಡು ಪರೀಕ್ಷೆಗಳಿವೆ, ಎರಡೂ ಬೇಕು. ಒಂದು ಟಿಂಪನೋಮೆಟ್ರಿ. ಕಿವಿಯ ಬಾಯಿಗೆ ಮೆತ್ತನೆಯ ಬಿರಡೆಯೊಂದನ್ನು ಇಟ್ಟು ಗಾಳಿಯ ಒತ್ತಡ ಏರಿಳಿಸಿ ತಮಟೆ ಅಲುಗುತ್ತದೆಯೇ ನೋಡುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ, ನೋವಿಲ್ಲ. ಹಾಳೆಯಲ್ಲಿ ಗುಡ್ಡದ ಗೆರೆ ಬಂದರೆ ‘ಎ ಟೈಪ್’, ಸರಿಯಿದೆ. ಗುಡ್ಡ ಒಂದು ಬದಿಗೆ ಸರಿದಿದ್ದರೆ ‘ಸಿ’, ಒಳಗೆ ಒತ್ತಡ ಇಳಿದಿದೆ. ಗೆರೆ ಚಪ್ಪಟೆಯಾಗಿದ್ದರೆ ‘ಬಿ’, ಬಹುಮಟ್ಟಿಗೆ ನೀರು ನಿಂತಿದೆ ಎಂದರ್ಥ. ಗುಗ್ಗೆ ಅಡ್ಡ ಬಂದಿದ್ದರೂ ಚಪ್ಪಟೆ ಗೆರೆ ಬರಬಹುದು, ಆದ್ದರಿಂದ ಕಿವಿಯನ್ನು ಕಣ್ಣಾರೆ ನೋಡದೆ ಹಾಳೆಯನ್ನಷ್ಟೇ ನೋಡಿ ಹೇಳುವವರನ್ನು ಪೂರಾ ನಂಬಬೇಡಿ. ಇನ್ನೊಂದು ಶ್ರವಣ ಪರೀಕ್ಷೆ. ನೀರಿದೆ ಎಂದು ಮೊದಲನೆಯದು ಹೇಳಿದರೆ, ಅದರಿಂದ ಮಗುವಿಗೆ ಎಷ್ಟು ನಷ್ಟ ಎಂದು ಹೇಳುವುದು ಇದು. ಎರಡೂವರೆ ಮೂರು ವರ್ಷ ದಾಟಿದ ಮಗುವಿಗೆ ‘ಸದ್ದು ಕೇಳಿದಾಗೆಲ್ಲ ಒಂದು ಬಳೆ ಹಾಕು’ ಎಂದು ಆಟ ಆಡಿಸಿಕೊಂಡೇ ಮಾಡುತ್ತಾರೆ. ಇನ್ನೂ ಚಿಕ್ಕವಕ್ಕೆ ಸದ್ದು ಬಂದ ಕಡೆ ಗೊಂಬೆ ಬೆಳಗಿಸಿ ತಲೆ ತಿರುಗಿಸುತ್ತದೆಯೇ ನೋಡುತ್ತಾರೆ, ಕೂಸುಗಳಿಗೆ ನಿದ್ದೆಯಲ್ಲಿ, ಸದ್ದಿಗೆ ಮಿದುಳಿನ ಸ್ಪಂದನ ಅಳೆಯುವ ಬೆರಾ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುವಾಗ ಮಂಡ್ಯದವರು, ಹಾಸನದವರು ಹಿಂದೆಮುಂದೆ ನೋಡುವುದು ನನಗೆ ಸೋಜಿಗ. ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳಾದರೆ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲೇ ಕಿವಿಯ ಸೋಂಕೂ ಇದೆ, ಶ್ರವಣದೋಷವೂ ಇದೆ. ಆ ತಂಡ ಶಾಲೆಗೆ ಬಂದ ದಿನ ಮಗುವನ್ನು ತಪ್ಪಿಸಬೇಡಿ.

ಈಗ ಕ್ಯಾಲೆಂಡರಿನ ಮಾತು. ಎರಡೂ ಕಿವಿಯಲ್ಲಿ ನೀರಿದೆ, ಮಗು ಉಳಿದಂತೆ ಆರೋಗ್ಯವಾಗಿದೆ ಎಂದರೆ ಮೂರು ತಿಂಗಳು ಕಾಯಬೇಕು. ನೀರು ಪತ್ತೆಯಾದ ದಿನಕ್ಕೆ ಒಂದು ಗುರುತು ಹಾಕಿ, ಮೂರು ತಿಂಗಳಿಗೆ ಇನ್ನೊಂದು. ಹೆಚ್ಚಿನ ಮಕ್ಕಳಲ್ಲಿ, ಅದರಲ್ಲೂ ನೆಗಡಿಯ ಬೆನ್ನಿಗೆ ಬಂದದ್ದಾದರೆ, ಅಷ್ಟರಲ್ಲಿ ತಾನಾಗಿ ಇಳಿದಿರುತ್ತದೆ. ಕಾಯುವುದೆಂದರೆ ಮರೆತು ಕೂರುವುದಲ್ಲ. ಮಗುವಿನ ಮುಖ ನೋಡಿ, ಹತ್ತಿರ ಹೋಗಿ ಮಾತಾಡಿ. ಟೀಚರಿಗೆ ಹೇಳಿ ಮುಂದಿನ ಬೆಂಚಿಗೆ ತನ್ನಿ. ಟಿವಿ ಆರಿಸಿ ಕತೆ ಹೇಳಿ. ಮೂರು ತಿಂಗಳಿಗೆ ಮತ್ತೆ ಎರಡೂ ಪರೀಕ್ಷೆ.

ಈ ಮೂರು ತಿಂಗಳೇ ತಂದೆತಾಯಂದಿರಿಗೆ ಬಹಳ ಕಷ್ಟ. ‘ಸುಮ್ಮನೆ ಇರಿ ಅಂತಾರಲ್ಲ, ಏನಾದರೂ ಬರೆದುಕೊಡಿ’ ಎಂದು ಹಟ ಹಿಡಿಯುತ್ತಾರೆ. ಹಟಕ್ಕೆ ಸೋತು ಬರೆದುಕೊಡುವ ಡಾಕ್ಟರೂ ಇದ್ದಾರೆ. ಆಂಟಿಬಯಾಟಿಕ್ ಸಿರಪ್ಪು, ನೆಗಡಿ ಮಾತ್ರೆ, ಅಲರ್ಜಿ ಸಿರಪ್ಪು, ಮೂಗಿನ ಸ್ಪ್ರೇ. ಈ ನೀರನ್ನು ಇಳಿಸುವ ವಿಷಯದಲ್ಲಿ ಇವು ಯಾವುವೂ ನೆಲೆನಿಲ್ಲುವ ಉಪಯೋಗಕ್ಕೆ ಬರುವುದಿಲ್ಲವೆಂದು ಪರೀಕ್ಷಿಸಿಯೇ ತಿಳಿದಿದೆ. ಬಾಯಿಯ ಮೂಲಕ ಕೊಡುವ ಸ್ಟಿರಾಯ್ಡನ್ನು ಬ್ರಿಟನ್ನಿನಲ್ಲಿ ಮಕ್ಕಳಿಗೆ ಒಂದು ವಾರ ಕೊಟ್ಟು ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಟ್ಟವರಿಗೂ ಕೊಡದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕೆಲವು ಅಲರ್ಜಿ ಸಿರಪ್ಪು ಕುಡಿದ ಮಗು ತರಗತಿಯಲ್ಲಿ ತೂಕಡಿಸುವುದೂ ಉಂಟು. ಮಗುವಿಗೆ ನಿಜವಾಗಿ ಅಲರ್ಜಿಯ ಸೀನು, ತುರಿಕೆ ಇದ್ದರೆ ಅದಕ್ಕೆ ಬೇರೆ ಔಷಧ ಬೇಕಾಗಬಹುದು, ಅದು ಬೇರೆ ಲೆಕ್ಕ.

ಕೆಲಸಕ್ಕೆ ಬರಬಹುದಾದ ಒಂದೇ ಮನೆಕಸರತ್ತು ಮೂಗಿನಿಂದ ಬಲೂನು ಊದುವುದು. ಒಂದು ಹೊಳ್ಳೆಗೆ ಪುಟ್ಟ ಕೊಳವೆ ಇಟ್ಟು, ಇನ್ನೊಂದನ್ನು ಒತ್ತಿ ಹಿಡಿದು, ಮೂಗಿನ ಗಾಳಿಯಲ್ಲೇ ಬಲೂನು ಊದಬೇಕು, ದಿನಕ್ಕೆ ಮೂರು ಸಲ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 320 ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳ ಕೊನೆಗೆ ಊದಿದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಕಿವಿ ಸರಿಹೋಗಿತ್ತು, ಊದದವರಲ್ಲಿ ಶೇಕಡಾ 38. ದೊಡ್ಡ ಗೆಲುವಲ್ಲ, ಆದರೆ ಅಡ್ಡ ಪರಿಣಾಮವಿಲ್ಲದ ಗೆಲುವು. ಮಗುವಿಗೂ ಆಟ.

ಇನ್ನು ಅಜ್ಜಿಯರ ಮದ್ದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ದೊಡ್ಡಪತ್ರೆಯ ರಸ, ಈರುಳ್ಳಿ ರಸ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಣ್ಣೆ ನಿಲ್ಲುವುದು ತಮಟೆಯ ಈಚೆ, ನೀರಿರುವುದು ಆಚೆ. ಎರಡೂ ಭೇಟಿಯಾಗುವುದೇ ಇಲ್ಲ. ಮನೆಯಲ್ಲಿ ನಿಜವಾಗಿ ಬದಲಿಸಬೇಕಾದದ್ದು ಬೇರೆ ಇದೆ. ಮಗುವಿನ ಎದುರು ಬೀಡಿ ಸಿಗರೇಟು ಸೇದುವುದನ್ನು ನಿಲ್ಲಿಸಿ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಯನ್ನು ಕೂಸಿನ ಮೂಗಿಗೆ ಅಡರುವಷ್ಟು ಹಿಡಿಯಬೇಡಿ. ಎದೆಹಾಲು ಆದಷ್ಟು ಕಾಲ ಕೊಡಿ. ಅಂಗಾತ ಮಲಗಿಸಿ ಒಳಲೆಯಲ್ಲಾಗಲಿ ಬಾಟಲಿಯಲ್ಲಾಗಲಿ ಹಾಲು ಹಾಕಬೇಡಿ. ಆ ಅಡ್ಡಡ್ಡ ನಾಳದೊಳಕ್ಕೆ ಹಾಲು ಹೋಗುವುದು ಸುಲಭ. ತಲೆ ಎತ್ತಿ ಹಿಡಿದುಕೊಂಡು ಕುಡಿಸಿ.

ಮೂರು ತಿಂಗಳು ಕಳೆಯಿತು, ಎರಡೂ ಕಿವಿಯಲ್ಲಿ ನೀರು ಹಾಗೇ ಇದೆ, ಪರೀಕ್ಷೆಯಲ್ಲಿ ಕೇಳಿಸುವುದು ಕಡಿಮೆ ಎಂದೇ ಬಂದಿದೆ. ಆಗ ಗ್ರೊಮೆಟ್ ಮಾತು ನ್ಯಾಯವಾದದ್ದು. ಒಂದೇ ಕಿವಿಯಲ್ಲಿದ್ದು ಇನ್ನೊಂದು ಚೆನ್ನಾಗಿ ಕೇಳಿಸುತ್ತಿದ್ದರೆ, ಅಥವಾ ನೀರಿದ್ದರೂ ಶ್ರವಣ ಸರಿಯಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸುತ್ತ ಇನ್ನೂ ಕಾಯಬಹುದು. ತಮಟೆ ತೀರಾ ಒಳಸರಿದು ಗುಳಿಬಿದ್ದಿದ್ದರೆ ಶ್ರವಣ ಹೇಗಿದ್ದರೂ ಟ್ಯೂಬ್ ಬೇಕಾಗುತ್ತದೆ. ಆ ಗುಳಿ ಆಳವಾದರೆ ಮುಂದೆ ಮೂಳೆ ತಿನ್ನುವ ಕೊಲೆಸ್ಟಿಯಟೋಮಾಕ್ಕೆ ದಾರಿಯಾಗಬಹುದು. ಇನ್ನು ಮೂರು ತಿಂಗಳ ಲೆಕ್ಕವನ್ನೇ ಹಿಡಿಯಬಾರದ ಮಕ್ಕಳಿದ್ದಾರೆ. ಸೀಳಂಗುಳ ಇರುವ ಮಗುವಿನಲ್ಲಿ ನಾಳ ತೆರೆಯುವ ಸ್ನಾಯುವೇ ಸರಿಯಾಗಿ ಕೂತಿರುವುದಿಲ್ಲ, ಅವರಲ್ಲಿ ಬಹುತೇಕ ಎಲ್ಲರ ಕಿವಿಯಲ್ಲೂ ನೀರು ನಿಲ್ಲುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಬಹಳ. ಮಾತು ತಡವಾಗಿರುವ, ಆಟಿಸಂ ಇರುವ, ಕಣ್ಣು ಮಂದವಾಗಿರುವ, ಮೊದಲೇ ನರದ ಕಿವುಡು ಇರುವ ಮಕ್ಕಳಿಗೆ ಈ ಇಪ್ಪತ್ತೈದು ಮೂವತ್ತು ಡೆಸಿಬಲ್ ಗಾಯದ ಮೇಲೆ ಬರೆ. ಅವರನ್ನು ಬೇಗ ನೋಡಬೇಕು, ಬೇಗ ನಿರ್ಧರಿಸಬೇಕು. ಡೌನ್ ಸಿಂಡ್ರೋಮ್‌ನ ಎಷ್ಟೋ ಮಕ್ಕಳಿಗೆ ಟ್ಯೂಬಿಗಿಂತ ಕೆಲ ಕಾಲ ಶ್ರವಣಯಂತ್ರ ಹಾಕುವುದೇ ಒಳ್ಳೆಯ ದಾರಿ ಎನಿಸುವುದೂ ಉಂಟು.

‘ಈಗಲೇ ಹಾಕಿಸದಿದ್ದರೆ ಬುದ್ಧಿ ಬೆಳೆಯದು, ಮಾತು ಬಾರದು’ ಎಂದು ಯಾರಾದರೂ ಹೆದರಿಸಿದರೆ ಅಮೆರಿಕದ ಪಿಟ್ಸ್‌ಬರ್ಗ್‌ನ ಅಧ್ಯಯನವನ್ನು ನೆನಪಿಸಿಕೊಳ್ಳಿ. ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಕೂಸುಗಳ ಕಿವಿಯನ್ನು ತಪ್ಪದೆ ನೋಡುತ್ತ ಬಂದರು. ನೀರು ನಿಂತೇ ಉಳಿದ 429 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಟ್ಯೂಬ್. ಇನ್ನೊಂದು ಗುಂಪಿಗೆ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಯ್ದು, ನೀರು ಉಳಿದಿದ್ದರೆ ಮಾತ್ರ. 2001ರಲ್ಲಿ ಬಂದ ವರದಿಯಂತೆ ಮೂರನೇ ವಯಸ್ಸಿನಲ್ಲೂ, 2007ರಲ್ಲಿ ಬಂದದ್ದರಂತೆ ಒಂಬತ್ತರಿಂದ ಹನ್ನೊಂದರ ವಯಸ್ಸಿನಲ್ಲೂ ಮಾತು, ಓದು, ಬುದ್ಧಿ, ನಡವಳಿಕೆ ಯಾವುದರಲ್ಲೂ ಎರಡು ಗುಂಪಿನ ನಡುವೆ ಅರ್ಥವುಳ್ಳ ವ್ಯತ್ಯಾಸ ಸಿಗಲಿಲ್ಲ. ಉಳಿದಂತೆ ಆರೋಗ್ಯವಾಗಿರುವ ಮಗುವಿಗೆ ಕೆಲವು ತಿಂಗಳು ಕಾಯುವುದರಿಂದ ಭವಿಷ್ಯ ಹಾಳಾಗದು. ಹಾಗಾದರೆ ಟ್ಯೂಬ್ ಯಾಕೆ ಎಂದು ನೀವು ಕೇಳಬಹುದು. ಇವತ್ತು ಕೇಳಿಸಲಿ ಎಂದು. ಮೂರು ತಿಂಗಳ ಮಟ್ಟಿಗೆ ಸರಾಸರಿ ಹತ್ತು ಹನ್ನೆರಡು ಡೆಸಿಬಲ್ ಲಾಭ ಸಿಗುತ್ತದೆ, ವರ್ಷದ ಹೊತ್ತಿಗೆ ಕಾಯ್ದವರೂ ಸರಿಸಮಕ್ಕೆ ಬರುತ್ತಾರೆ. ಒಂದನೇ ಕ್ಲಾಸಿನಲ್ಲಿ ದಿನವೂ ಬೈಸಿಕೊಂಡು ಬರುವ ಮಗುವಿಗೆ ಆ ಹನ್ನೆರಡು ಡೆಸಿಬಲ್ ಸಣ್ಣದಲ್ಲ. ಲಾಭ ಎಷ್ಟು, ಎಷ್ಟು ದಿನದ್ದು ಎಂದು ತಿಳಿದು ಒಪ್ಪಿಕೊಳ್ಳಿ, ಅಷ್ಟೇ.

ಪದೇ ಪದೇ ಕಿವಿನೋವು, ಕೀವು ಬರುವ ಮಕ್ಕಳದ್ದು ಬೇರೆ ಪ್ರಶ್ನೆ. ಆ ಬಗ್ಗೆ 2021ರಲ್ಲಿ 250 ಮಕ್ಕಳ ಮೇಲಿನ ಅಧ್ಯಯನ ಪ್ರಕಟವಾಯಿತು. ಟ್ಯೂಬ್ ಹಾಕಿಸಿಕೊಂಡವರಿಗೂ, ಬಂದಾಗ ಔಷಧ ಕೊಡುತ್ತ ಹೋದವರಿಗೂ ಎರಡು ವರ್ಷದಲ್ಲಿ ಸೋಂಕಿನ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅದಕ್ಕಾಗಿಯೇ ಟ್ಯೂಬ್ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಟ್ಯೂಬಿನ ವಿಚಾರದಲ್ಲಿ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ. ಅದು ನೀರನ್ನು ಹೊರಗೆ ಹರಿಸುವ ಚರಂಡಿ ಎಂದುಕೊಳ್ಳುತ್ತಾರೆ. ಅದರ ಕೆಲಸ ಗಾಳಿಯನ್ನು ಒಳಕ್ಕೆ ಬಿಡುವುದು. ತುಂಬಿದ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ತಡೆತಡೆದು ತೊಟ್ಟಿಕ್ಕುತ್ತದೆ, ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಸಲೀಸಾಗಿ ಇಳಿಯುತ್ತದೆ. ಗ್ರೊಮೆಟ್ ಆ ಎರಡನೆಯ ತೂತು. ಬರೀ ತಮಟೆಗೆ ಚುಚ್ಚಿ ಬಿಟ್ಟರೆ ಸಾಲದೇ ಎಂದರೆ, ಸಾಲದು. ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ 1801ರ ಹೊತ್ತಿಗೇ ತಮಟೆಗೆ ರಂಧ್ರ ಮಾಡಿ ಕೇಳಿಸುವಂತೆ ಮಾಡಿದ್ದ. ಆದರೆ ತಮಟೆ ಹಟಮಾರಿ, ಕೆಲವೇ ದಿನದಲ್ಲಿ ಗಾಯ ಮುಚ್ಚಿಬಿಡುತ್ತದೆ. ವಿಯೆನ್ನಾದ ಆಡಂ ಪೊಲಿಟ್ಜರ್ ಹತ್ತೊಂಬತ್ತನೇ ಶತಮಾನದಲ್ಲಿ ಗಟ್ಟಿ ರಬ್ಬರಿನ ಉಂಗುರವನ್ನು ಸಿಕ್ಕಿಸಿ ನೋಡಿದ, ಅದು ನಿಲ್ಲಲಿಲ್ಲ. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ವಿನೈಲ್ ಕೊಳವೆ ಇಟ್ಟು ವರದಿ ಮಾಡಿದ ಮೇಲೆಯೇ ಈ ಚಿಕಿತ್ಸೆ ಬೇರೂರಿದ್ದು. ಆಮೇಲೆ ಅದು ಅತಿಯಾಗಿಯೂ ಬೆಳೆಯಿತು; 2006ರ ಲೆಕ್ಕದಂತೆ ಅಮೆರಿಕ ಒಂದರಲ್ಲೇ ವರ್ಷಕ್ಕೆ 6,67,000 ಮಕ್ಕಳಿಗೆ. ನಮ್ಮಲ್ಲಿ ತೊಂದರೆ ತದ್ವಿರುದ್ಧ: ಬೇಕಾದ ಮಗುವಿನ ಕಿವಿಯನ್ನು ಯಾರೂ ನೋಡಿಯೇ ಇರುವುದಿಲ್ಲ.

ಆಪರೇಷನ್ ದಿನ ಏನಾಗುತ್ತದೆ? ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ, ಅಲುಗಿದರೆ ಕೆಲಸ ಕೆಡುತ್ತದೆ. ಹಾಗಾಗಿ ಹಿಂದಿನ ಆರು ಗಂಟೆ ಗಟ್ಟಿ ಆಹಾರ ಕೊಡುವಂತಿಲ್ಲ, ಎದೆಹಾಲು ನಾಲ್ಕು ಗಂಟೆ, ಬರಿ ನೀರು ಎರಡು ಗಂಟೆ ಮುಂಚೆ ನಿಲ್ಲಿಸಬೇಕು. ನಿಮ್ಮ ಅರಿವಳಿಕೆ ವೈದ್ಯರು ಹೇಳಿದ್ದೇ ಕೊನೆಯ ಮಾತು. ‘ಪಾಪ ಹಸಿದಿದೆ’ ಎಂದು ಬಿಸ್ಕತ್ತು ತಿನ್ನಿಸುವ ಸೋದರತ್ತೆಯ ಮೇಲೆ ಕಣ್ಣಿಡಿ. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ತಮಟೆಯ ಕೆಳ ಮುಂಭಾಗದಲ್ಲಿ ಎರಡು ಮಿಲಿಮೀಟರಿನಷ್ಟು ಸೀಳಿ, ಅಂಟು ನೀರನ್ನು ಹೀರಿ ತೆಗೆದು, ಬೊಬ್ಬಿನ್ ಆಕಾರದ ಟ್ಯೂಬನ್ನು ಸಿಕ್ಕಿಸುತ್ತಾರೆ. ಹೊರಗೆ ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಎರಡೂ ಕಿವಿಗೆ ಸೇರಿ ಹತ್ತು ಹದಿನೈದು ನಿಮಿಷ. ಸಂಜೆಗೆ ಮನೆ. ಇಷ್ಟು ಚಿಕ್ಕ ಅರಿವಳಿಕೆಯಿಂದ ಮಿದುಳಿಗೆ ಪೆಟ್ಟು ಬೀಳುತ್ತದೆಯೇ ಎಂದು ಕೇಳುವವರಿಗೆ: ಒಂದು ಗಂಟೆಗೂ ಕಡಿಮೆ ಅರಿವಳಿಕೆ ಪಡೆದ ಕೂಸುಗಳನ್ನು ಹಲವು ದೇಶಗಳಲ್ಲಿ ಐದನೇ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದ್ದಾರೆ, ಬುದ್ಧಿಮಟ್ಟದಲ್ಲಿ ಕೊರತೆ ಕಾಣಲಿಲ್ಲ. ಮಗು ನಾಲ್ಕು ವರ್ಷ ದಾಟಿದ್ದರೆ, ಅಥವಾ ಸದಾ ಬಾಯಿ ಬಿಟ್ಟುಕೊಂಡು ಉಸಿರಾಡುತ್ತ ರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಅದೇ ಸಲಕ್ಕೆ ಅಡಿನಾಯ್ಡನ್ನೂ ತೆಗೆಯೋಣ ಎನ್ನಬಹುದು. ಅದರಿಂದ ಮತ್ತೆ ಟ್ಯೂಬ್ ಹಾಕುವ ಪ್ರಸಂಗ ಕಡಿಮೆಯಾಗುತ್ತದೆ, ಒಪ್ಪಬಹುದಾದ ಸಲಹೆ. ಖರ್ಚಿನ ಚಿಂತೆ ಇದ್ದವರು ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಜೊತೆಗಿರಲಿ.

ಮನೆಗೆ ಬಂದ ಮೇಲೆ ಕೆಲವು ಮಕ್ಕಳು ಬೆಚ್ಚಿಬೀಳುತ್ತವೆ. ಮಿಕ್ಸಿ, ಪ್ರೆಶರ್ ಕುಕ್ಕರಿನ ಸೀಟಿ ಎಲ್ಲ ಜೋರಾಗಿ ಕೇಳಿಸತೊಡಗುತ್ತದೆ. ಗಾಬರಿ ಬೇಡ, ಅದು ಫಲ ಸಿಕ್ಕಿದ್ದರ ಗುರುತು. ಈಗ ಬಹಳ ಮುಖ್ಯವಾದ ಮಾತು, ಮನೆಯ ಹಿರಿಯರನ್ನೂ ಕೂರಿಸಿಕೊಂಡು ಓದಿ. ಟ್ಯೂಬ್ ಇರುವಷ್ಟು ದಿನ ಕಿವಿಗೆ ಎಣ್ಣೆ ಹಾಕಕೂಡದು. ಯುಗಾದಿ ಇರಲಿ ದೀಪಾವಳಿ ಇರಲಿ, ತಲೆಗೆ ಎಣ್ಣೆ ಹಚ್ಚಿ, ಕಿವಿಗೆ ಬೇಡ. ಮೊದಲು ಎಣ್ಣೆ ಈಚೆಯೇ ನಿಲ್ಲುತ್ತಿತ್ತು, ಈಗ ಒಳಗೆ ಹೋಗುವ ದಾರಿ ಆಗಿದೆ. ಬೆಂಕಿಕಡ್ಡಿ, ಹೇರ್‌ಪಿನ್ನು, ಬಡ್ಸು, ಜಾತ್ರೆಯಲ್ಲಿ ಕಿವಿ ಸ್ವಚ್ಛ ಮಾಡುವವನು, ಯಾರಿಗೂ ಆ ಕಿವಿ ಒಪ್ಪಿಸಬೇಡಿ.

ನೀರಿನ ವಿಷಯದಲ್ಲಿ ಮಾತ್ರ ಹಿಂದಿನಷ್ಟು ಕಟ್ಟುನಿಟ್ಟು ಈಗಿಲ್ಲ. ದಿನದ ಸ್ನಾನಕ್ಕೆ ಅಡ್ಡಿಯಿಲ್ಲ. ಟ್ಯೂಬಿನ ತೂತು ಒಂದು ಮಿಲಿಮೀಟರಿನ ಆಸುಪಾಸು, ಬರಿ ನೀರು ಒತ್ತಡವಿಲ್ಲದೆ ಅದರೊಳಗೆ ಹೋಗದು. ಸೋಪಿನ ನೀರು ಹೋಗಬಹುದು. ತಲೆಗೆ ಸೀಗೆಪುಡಿ, ಶಾಂಪೂ ಹಾಕುವ ದಿನ ವ್ಯಾಸಲಿನ್ ಸವರಿದ ಹತ್ತಿಯುಂಡೆ ಇಟ್ಟರೆ ಸಾಕು. ಈಜುಕೊಳದಲ್ಲಿ ಮೇಲೆಮೇಲೆ ಈಜಬಹುದು. ಬಾವಿಗೆ ಹಾರುವುದು, ಕೆರೆ ಹೊಳೆಯ ಮುಳುಗಾಟ ಬೇಡ. ವಿಮಾನದಲ್ಲಿ ಹೋಗಬಹುದೇ ಎಂದು ಬೆಂಗಳೂರಿನವರು, ದುಬೈಯವರು ಕೇಳುತ್ತಾರೆ. ಧಾರಾಳವಾಗಿ, ಒಳಗೂ ಹೊರಗೂ ಒತ್ತಡ ಒಂದೇ ಆಗಿರುವುದರಿಂದ ಟ್ಯೂಬ್ ಇರುವ ಮಗುವಿಗೆ ಪಕ್ಕದ ಸೀಟಿನವರಿಗಿಂತ ಕಡಿಮೆ ತೊಂದರೆ.

ಟ್ಯೂಬ್ ಹಾಕಿದ ಕಿವಿ ಒಮ್ಮೊಮ್ಮೆ ಸೋರುತ್ತದೆ, ನಾಲ್ಕರಲ್ಲಿ ಒಂದು ಮಗುವಿಗೆ ಯಾವಾಗಲಾದರೂ ಹೀಗಾಗುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಇದಕ್ಕೆ ಬಾಯಿಗೆ ಹಾಕುವ ಆಂಟಿಬಯಾಟಿಕ್‌ಗಿಂತ ಕಿವಿಯ ಹನಿ ಔಷಧವೇ ಮೇಲು: ಆಫ್ಲಾಕ್ಸಾಸಿನ್ ಅಥವಾ ಸಿಪ್ರೋಫ್ಲಾಕ್ಸಾಸಿನ್ ಹನಿ, ವೈದ್ಯರು ಬರೆದುಕೊಟ್ಟಷ್ಟು ದಿನ. ಹನಿ ಹಾಕಿ ಕಿವಿಯ ಮುಂದಿನ ಮೆದು ಎಲುಬಿನ ಪುಟ್ಟ ಉಬ್ಬನ್ನು ನಾಲ್ಕಾರು ಸಲ ಮೆಲ್ಲನೆ ಒತ್ತಿ, ಔಷಧ ಟ್ಯೂಬಿನೊಳಗೆ ಇಳಿಯುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕ ಹನಿ ತಂದು ಹಾಕಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೆರೆದ ತಮಟೆಯ ಮೂಲಕ ಒಳಕಿವಿಗೆ ತಲುಪಿದರೆ ಕಿವಿಯ ನರವನ್ನೇ ಕೆಡಿಸಬಲ್ಲವು. ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ, ಜ್ವರ ಬಂದರೆ, ಮತ್ತೆ ತೋರಿಸಿ.

ಟ್ಯೂಬನ್ನು ತೆಗೆಸಲು ಇನ್ನೊಂದು ಆಪರೇಷನ್ ಸಾಮಾನ್ಯವಾಗಿ ಬೇಕಿಲ್ಲ. ತಮಟೆಯ ಚರ್ಮ ಬೆಳೆಯುತ್ತ ಆರರಿಂದ ಹದಿನೆಂಟು ತಿಂಗಳಲ್ಲಿ ಅದನ್ನು ಹೊರದೂಡುತ್ತದೆ. ಗುಗ್ಗೆಯ ಜೊತೆ ಎಲ್ಲೋ ಬಿದ್ದುಹೋಗುತ್ತದೆ, ನಿಮಗೆ ಕಾಣಿಸದೆಯೂ ಇರಬಹುದು. ಆಮೇಲೆ ತೂತು ಮುಚ್ಚುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಲ್ಲಿ ಮುಚ್ಚದೆ ಉಳಿಯುತ್ತದೆ. ವರ್ಷಗಟ್ಟಲೆ ನಿಲ್ಲುವ ಉದ್ದ ಟಿ-ಟ್ಯೂಬಿನಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು, ಆದ್ದರಿಂದ ಯಾವ ಬಗೆಯದು ಹಾಕುತ್ತೀರಿ ಎಂದು ಮೊದಲೇ ಕೇಳಿ. ತಮಟೆಯ ಮೇಲೆ ಬಿಳಿ ಕಲೆ ಉಳಿಯುವುದು ಸಾಮಾನ್ಯ, ಕೇಳಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಕೆಲವು ಮಕ್ಕಳಿಗೆ ಟ್ಯೂಬ್ ಬಿದ್ದ ಮೇಲೆ ನೀರು ಮತ್ತೆ ಕಟ್ಟಿಕೊಂಡು ಎರಡನೇ ಸಲ ಹಾಕಬೇಕಾಗುತ್ತದೆ. ಅದು ಡಾಕ್ಟರ ಸೋಲೂ ಅಲ್ಲ, ನಿಮ್ಮದೂ ಅಲ್ಲ; ನಾಳ ಇನ್ನೂ ಬಲಿತಿಲ್ಲ, ಅಷ್ಟೇ. ಹಾಕಿದ ಮೇಲೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ಟ್ಯೂಬ್ ಬೀಳುವ ತನಕ ನಾಲ್ಕಾರು ತಿಂಗಳಿಗೊಮ್ಮೆ ತೋರಿಸುತ್ತಿರಿ. ಪರೀಕ್ಷೆಯ ಹಾಳೆಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ, ಊರು ಬದಲಾದರೆ ಹೊಸ ವೈದ್ಯರು ಮೊದಲು ಕೇಳುವುದು ಅದನ್ನೇ.

ಕೊನೆಗೆ, ಮೊಮ್ಮಗುವಿಗಾಗಿ ಇದನ್ನು ಓದುತ್ತ ಕೂತ ಅಜ್ಜ ಅಜ್ಜಿಯರಿಗೆ. ಇದೇ ನೀರು ನಿಮ್ಮ ವಯಸ್ಸಿನಲ್ಲೂ ನಿಲ್ಲಬಹುದು, ಆದರೆ ಅಲ್ಲಿ ಕಾಯುವ ಸೂತ್ರ ಬೇರೆ. ದೊಡ್ಡವರಲ್ಲಿ ಒಂದೇ ಕಿವಿ ಕಟ್ಟಿದಂತಾಗಿ, ನೆಗಡಿ ಹೋದ ಮೇಲೂ ಬಿಡದೆ ಉಳಿದರೆ, ನಾಳದ ಬಾಯಿಯ ಬಳಿ ಗೆಡ್ಡೆ ಏನಾದರೂ ಬೆಳೆಯುತ್ತಿದೆಯೇ ಎಂದು ದುರ್ಬೀನು ಹಾಕಿ ನೋಡಲೇಬೇಕು. ಮೂಗಿನ ಹಿಂಭಾಗದ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಹೇಳಿಕೊಳ್ಳುವುದು ಕಿವಿಯಲ್ಲಿ. ಆ ಜಾಗ ನೋಡಿಸಿಕೊಳ್ಳದೆ ಟ್ಯೂಬ್ ಹಾಕಿಸಿಕೊಳ್ಳಬೇಡಿ.